ಭಾನುವಾರ ಮಲಗುವ ಯಂತ್ರಗಳು

ಯಾರಿಗೂ ಬೇಡದ ದೀಪ ಉರಿಯುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮುಂಬಯಿಯ ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಫ್ಯಾನು, ಲೈಟು ಆರಿಸುತ್ತ ತಿರುಗುವುದೇ ನನ್ನ ವಾಕಿಂಗು. ಹೆಂಡತಿ ಸುಮನಾ ತಲೆಗೆ ಸೋಪು ಹಚ್ಚಿಕೊಂಡಿರುವಾಗಲೇ ಬಚ್ಚಲಿನ ದೀಪ ಆರಿಸಿ, "ಒಳಗೆ ಯಾರಿದ್ದಾರೆ ಅಂತ ಒಂದ್ಸಲ ಕೇಳ್ಲಿಕ್ಕೆ ಏನು ಧಾಡಿ ನಿಮ್ಗೆ?" ಎಂದು ಬೈಸಿಕೊಂಡದ್ದೂ ಉಂಟು. ಇಂಥವನಿಗೆ ವಿಕ್ರೋಳಿಯ ಆಫೀಸಿನಲ್ಲಿ ಕ್ಲೌಡ್ ಖರ್ಚು ಇಳಿಸುವ ಕೆಲಸ ಸಿಕ್ಕಿದರೆ ಕೇಳಬೇಕೆ! ಕ್ಲೌಡ್ ಎಂದರೆ ಬಾಡಿಗೆ ಕಂಪ್ಯೂಟರುಗಳು. ಎಲ್ಲೋ ಕೂತಿರುತ್ತವೆ, ಚಾಲೂ ಇರುವಷ್ಟು ಹೊತ್ತು ರಿಕ್ಷಾದ ಹಾಗೆ ಮೀಟರ್ ಓಡಿಸುತ್ತವೆ. ಅವನ್ನೆಲ್ಲ ಗುಂಪು ಮಾಡಿದೆ. ದುಡ್ಡು ಕೊಡುವ ಗಿರಾಕಿಗಳ ಕೆಲಸದವಕ್ಕೆ ರಜೆ ಇಲ್ಲ. ಟ್ರಯಲ್‌ ಗುಂಪಿನವು, ಅಂದರೆ ಬಿಟ್ಟಿಯಾಗಿ ಬಳಸಿ ನೋಡುವವರವು, ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾವಾಗಿಯೇ ಬಂದ್. ಯಾರಾದರೂ ಕದ್ದು ಚಾಲೂ ಮಾಡಿದರೆ ನಿಮಿಷದಲ್ಲಿ ಮತ್ತೆ ಬಂದ್. ಗುಂಪು ಬದಲಿಸಬೇಕಾದರೆ ಬಾಸ್ ಒಪ್ಪಿಗೆ ಬೇಕು. ಈ ಕೊನೆಯ ನಿಯಮವೂ ನನ್ನದೇ. ಅದಕ್ಕೆ ಮೀಟಿಂಗಿನಲ್ಲಿ ಚಪ್ಪಾಳೆಯೂ ಬಿತ್ತು.

ಮೊದಲ ಭಾನುವಾರ ನಾವು ಸಾಂತಾಕ್ರೂಜಿನಲ್ಲಿ, ಮಾವನ ಉಡುಪಿ ಹೋಟೆಲಿನಲ್ಲಿದ್ದೆವು. ಅಳಿಯ ಹೋಟೆಲಿಗೆ ಬರದೆ ಕಂಪ್ಯೂಟರ್ ಹಿಂದೆ ಹೋದನೆಂದು ಮಾವನಿಗೆ ಇಂದಿಗೂ ಅಸಮಾಧಾನ. ನನ್ನ ಕೆಲಸಕ್ಕೂ ಬೆಲೆಯುಂಟೆಂದು ತೋರಿಸಲೇ ನಾನು ಅಲ್ಲಿ ನಮ್ಮ ಕಂಪನಿಯ ಆರ್ಡರ್ ಸ್ಕ್ರೀನ್ ಹಾಕಿಸಿದ್ದೆ. ವೇಟರ್ ಮೊಬೈಲಿನಲ್ಲಿ ಒತ್ತಿದ್ದು ಅಡುಗೆಮನೆಯ ಗೋಡೆಯ ಮೇಲೆ ಮೂಡುತ್ತದೆ; ಅದನ್ನು ನಡೆಸುವುದೂ ಅಂಥದೇ ಒಂದು ಬಾಡಿಗೆ ಯಂತ್ರ. ಮಾವ ಅದನ್ನೇ ದಿನಾ ಬಳಸುತ್ತಾರೆ, ಆದರೆ "ಟ್ರಯಲ್ ಸಾಕಲ್ವಾ?" ಎಂದು ಯಾವಾಗ ಕೇಳಿದರೂ "ಇನ್ನು ಸ್ವಲ್ಪ ನೋಡುವಾ" ಎನ್ನುತ್ತಾರೆ. ನಾನು ಬನ್ಸ್ ಮುರಿದು ಚಟ್ನಿಗೆ ಅದ್ದುತ್ತಿದ್ದೆ. ಎಂಟಾಯಿತು. ಬಾಗಿಲಾಚೆ ಉದ್ದದ ಕ್ಯೂ, ಒಳಗೆ ಸ್ಕ್ರೀನ್ ಕಪ್ಪು. ಅಯ್ಯೋ ದೇವರೇ, ಮಾವ ಇನ್ನೂ ಟ್ರಯಲ್‌ನಲ್ಲೇ ಇದ್ದರು!

ಮೊಬೈಲಿನಿಂದ ಯಂತ್ರ ಚಾಲೂ ಮಾಡಿದೆ. ಅಡುಗೆಮನೆಯಿಂದ "ಆಯಾ, ಆಯಾ!" ಎಂದು, ಬಂತು ಬಂತೆಂಬ ಖುಷಿಯ ಕೂಗು. ನಿಮಿಷದಲ್ಲಿ ನನ್ನ ನಿಯಮವೇ ಬಂದು ಆರಿಸಿತು. ಮತ್ತೆ ಚಾಲೂ, ಮತ್ತೆ ಬಂದ್. ಬಾಸ್‌ಗೆ ಫೋನ್ ಹಚ್ಚಿದರೆ ಆಸಾಮಿ ರಜೆಗೆಂದು ಲೋಣಾವಳದಲ್ಲಿ, ಫೋನು ಸ್ವಿಚ್ ಆಫ್. "ಒಳಗೆ ಯಾರಿದ್ದಾರೆ ಅಂತ ಕೇಳಿದ್ರಾ?" ಎಂದಳು ಸುಮನಾ. ನನ್ನ ಮಾನವಂತೂ ಹೋಗಿತ್ತು. ಮಾವನ ಭಾನುವಾರದ ವ್ಯಾಪಾರವೂ ಹೋದರೆ ಮುಖ ತೋರಿಸುವುದು ಹೇಗೆ?

"ಅದು ಸಾಯ್ಲಿ ಮಾರಾಯ್ರೆ," ಎಂದು ಮಾವ ನನ್ನ ತೋಳು ಹಿಡಿದು ಅಡುಗೆಮನೆಯ ಕಿಂಡಿಯೆದುರು ನಿಲ್ಲಿಸಿದರು. "ವೇಟರ್ ಹೇಳಿದ್ದನ್ನ ಒಳಗೆ ಕೇಳುವ ಹಾಗೆ ಒದರಿ, ಅಷ್ಟೇ." ಮೊದಲು ನಾಚಿಕೆ. ಆಮೇಲೆ "ದೋ ಇಡ್ಲಿ, ಏಕ್ ಮೆದುವಡಾ, ನೀರುದೋಸೆ ಜಲ್ದೀ!" ಎಂದು ಒದರುವುದರಲ್ಲಿ ಎಂಥ ಸುಖವೆನ್ನುತ್ತೀರಿ! ಆಫೀಸಿನಲ್ಲಿ ನನ್ನ ಒಂದು ಮಾತಿಗೂ ಇಷ್ಟು ಬೇಗ ಉತ್ತರ ಬಂದದ್ದಿಲ್ಲ. ಕ್ಯೂ ಕರಗಿದಾಗ ಮಾವ ತಾವೇ ಕಾಫಿ ತಂದು, "ಗಂಟಲು ಒಳ್ಳೇದುಂಟು ನಿಮ್ದು" ಎಂದರು. ಮದುವೆಯಾದಂದಿನಿಂದ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಕಣ್ಣು ಒದ್ದೆಯಾಯಿತು, ಒಗ್ಗರಣೆಯ ಹೊಗೆಯೆಂದೆ.

ಸೋಮವಾರ ಮಾವನ ಯಂತ್ರದ ಗುಂಪು ಬದಲಿಸಲು ಬಾಸ್ ಒಪ್ಪಿಗೆ ಕೊಟ್ಟರು. ಮಾವ ಮಾತ್ರ ಕೊಡಲಿಲ್ಲ. "ಬೇಡ, ಟ್ರಯಲ್‌ನಲ್ಲೇ ಇರ್ಲಿ. ಭಾನುವಾರ ನೀವಿದ್ದೀರಲ್ಲ!" ಈಗ ಪ್ರತಿ ಭಾನುವಾರ ಎಂಟಕ್ಕೆ ಸರಿಯಾಗಿ ಆ ಯಂತ್ರ ಮಲಗುತ್ತದೆ, ನಾನು ಚಾಲೂ ಆಗುತ್ತೇನೆ. ನಾನೂ ಆ ಮಲಗುವ ಗುಂಪಿಗೆ ಸೇರೋಣವೆಂದರೆ, ಒಪ್ಪಿಗೆ ಕೊಡಬೇಕಾದವರು ಮಾವ.