ಪಟ್ಟಕ್ಕೆ ಕೂತ ಫೇಟಾ ಮಾಮಾ

ಆಫೀಸಿನ ಕೆಲಸವನ್ನು ಮನೆಗೆ ತರಬಾರದು ಎಂದು ತಿಳಿದವರು ಹೇಳುತ್ತಾರೆ. ಅವರು ಹೇಳುವುದು ಫೈಲು ತರುವವರಿಗೆ. ಫೈಲು ತಂದರೆ ಹೆಂಡತಿ ಹೆಚ್ಚೆಂದರೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟಾಳು. ನಾನು ತಂದದ್ದು ದಪ್ಪ ಮೀಸೆಯ, ಡೊಳ್ಳುಹೊಟ್ಟೆಯ, ಕಣ್ಣು ಹೊರಳಿಸುವ ಒಂದು ಸೂತ್ರದ ಗೊಂಬೆಯನ್ನು. ಅದರ ದೆಸೆಯಿಂದ ನನ್ನ ನೌಕರಿ, ನಮ್ಮ ಸೇಠರ ಸಿನಿಮಾ, ನನ್ನ ಸಂಸಾರ ಮೂರೂ ಒಟ್ಟಿಗೆ ಅಪಾಯಕ್ಕೆ ಬಂದವು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಂಧೇರಿಯ ಒಂದು ಪುಟ್ಟ ಸಿನಿಮಾ ಕಂಪೆನಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಆ ಹೆಸರು ಕೇಳಿ ಮೈಸೂರಿನ ನಮ್ಮ ನೆಂಟರೆಲ್ಲ ನಾನು ದಿನವೂ ನಾಯಕಿಯರ ಜೊತೆ ಚಹಾ ಕುಡಿಯುತ್ತೇನೆಂದು ನಂಬಿದ್ದರು. ಚಹಾ ತರಿಸುವುದಷ್ಟೇ ನನ್ನ ಪಾಲಿನದು. ಇಂತಿರಲು ನಮ್ಮ ಗುಜರಾತಿ ಸೇಠರು ಒಂದು ಭಾನುವಾರ ಮೊಮ್ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ, ಅದರಲ್ಲಿನ ಹೊಡೆದಾಟ ಮತ್ತು ಮಳೆಯ ಹಾಡುಗಳಿಗೆ ಮಗುವಿನ ಕಣ್ಣು ಮುಚ್ಚೀ ಮುಚ್ಚೀ ಕೈ ನೋಯಿಸಿಕೊಂಡು ಬಂದರು. ಸೋಮವಾರ ಬೆಳಿಗ್ಗೆಯೇ ಅಪ್ಪಣೆಯಾಯಿತು: "ಪೂರಾ ಫ್ಯಾಮಿಲಿ ಕೂತು ನೋಡೋ ಪಿಕ್ಚರ್ ಮಾಡ್ಬೇಕು. ಹಾಡು ಇರ್ಬೇಕು. ಫೇಟಾ ಮಾಮಾನ ವಾಪಸ್ ಕರ್ಕೊಂಡು ಬನ್ನಿ."

ಫೇಟಾ ಮಾಮಾ ಯಾರೆಂದು ಆಗಿನ ಮುಂಬಯಿಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ತಲೆಯ ಮೇಲೆ ಭಾರೀ ಪೇಟ ಸುತ್ತಿದ ಈ ಗೊಂಬೆ ಒಂದು ಕಾಲದಲ್ಲಿ ದಾದರಿನಿಂದ ದಹಿಸರದವರೆಗೆ ಶಾಲೆಶಾಲೆಯಲ್ಲೂ ಕುಣಿದು ಮಕ್ಕಳನ್ನು ನಗಿಸಿತ್ತು. ಮನೆಮನೆಗೆ ಟೀವಿ ಬಂದ ಮೇಲೆ ಪೆಟ್ಟಿಗೆ ಸೇರಿ ಮಲಗಿತ್ತು. ಸೇಠರು ಪೆಟ್ಟಿಗೆಸಮೇತ ಕೊಂಡು ತಂದು ತೆರೆದರೆ ಮಾಮನ ಪೇಟ ಹುಳುಬಿದ್ದು ಜರಡಿಯಾಗಿದೆ. ಎಲ್ಲರೂ ಹೌಹಾರಿದಾಗ ನಾನು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ನಮ್ಮನೆಯವಳು ಮೈಸೂರಿನವಳು, ಜರಿಪೇಟ ಅಂದ್ರೆ ಅವಳ ಕೈಲೇ ಆಗ್ಬೇಕು" ಎಂದು ಎದೆಯುಬ್ಬಿಸಿ ಹೇಳಿಬಿಟ್ಟೆ.

ಆ ಸಂಜೆ ಮಾಮನನ್ನು ಎತ್ತಿಕೊಂಡು ದಹಿಸರದ ಲೋಕಲ್ ರೈಲು ಹತ್ತಿದೆ. ನಾನೊಬ್ಬನೇ ಹತ್ತಿದಾಗ ನಿಲ್ಲಲೂ ಜಾಗ ಕೊಡದ ಜನ ಅಂದು "ಅರೆ, ಫೇಟಾ ಮಾಮಾ" ಎನ್ನುತ್ತ ಸರಿದು ಕಿಟಕಿಯ ಪಕ್ಕ ಕೂರಿಸಿದರು. ಕೂರಿಸಿದ್ದು ಮಾಮನನ್ನು. ನನಗೆ ಅವನ ಗಾರ್ಡು ಎಂಬ ಲೆಕ್ಕದಲ್ಲಿ ಅರ್ಧ ಸೀಟು ಸಿಕ್ಕಿತು. ಆ ಸಂಭ್ರಮದಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಗೊಂಬೆಯನ್ನು ಹೆಂಡತಿ ಸರಸುವಿನ ಕೈಗಿಟ್ಟು, "ನೋಡು ಯಾರನ್ನ ತಂದಿದೀನಿ. ಒಂದು ಜರಿಪೇಟ ಹೊಲಿದು ಹಾಕು" ಎಂದವನೇ ಊಟ ಮಾಡಿ ಮಲಗಿಬಿಟ್ಟೆ. ಯಾರದ್ದು, ಏಕೆ, ಯಾವಾಗ ವಾಪಸು ಕೊಡಬೇಕು, ಒಂದನ್ನೂ ಹೇಳಲಿಲ್ಲ.

ಮರುದಿನ ನವರಾತ್ರಿಯ ಪಾಡ್ಯ. ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಗೆ ರಾಜ ರಾಣಿಯ ಪಟ್ಟದ ಗೊಂಬೆಗಳನ್ನು ಕೊಡುತ್ತಾರೆ. ದಸರೆಯಲ್ಲಿ ಗೊಂಬೆ ಕೂರಿಸುವಾಗ ಅವರಿಬ್ಬರಿಗೇ ಮೇಲಿನ ಮೆಟ್ಟಿಲು. ಸರಸುವಿನ ರಾಜ ನಾವು ದಹಿಸರಕ್ಕೆ ಸಾಮಾನು ಸಾಗಿಸುವಾಗ ಟೆಂಪೋದಲ್ಲೇ ಎಲ್ಲೋ ಕಳೆದುಹೋಗಿದ್ದ. ಅಂದಿನಿಂದ ರಾಣಿ ಒಬ್ಬಳೇ ಕೂರುತ್ತಿದ್ದಳು. ಕುಂಕುಮಕ್ಕೆ ಬಂದ ಹೆಂಗಸರು "ರಾಜ ಎಲ್ರೀ?" ಎಂದು ಕೇಳಿದಾಗಲೆಲ್ಲ ಸರಸು ನನ್ನ ಕಡೆ ನೋಡುತ್ತಿದ್ದಳು. ನಾನು ಫ್ಯಾನಿನ ಕಡೆ ನೋಡುತ್ತಿದ್ದೆ.

ಪಾಡ್ಯದ ಸಂಜೆ ಮನೆಗೆ ಬಂದರೆ ಮೇಲಿನ ಮೆಟ್ಟಿಲ ಮೇಲೆ, ಗೇಣುದ್ದದ ರಾಣಿಯ ಪಕ್ಕದಲ್ಲಿ, ಎರಡಡಿ ಎತ್ತರದ ಫೇಟಾ ಮಾಮಾ ಹೊಸ ಜರಿಪೇಟದಲ್ಲಿ ವಿರಾಜಮಾನ. ಕಲಶ ಇಟ್ಟಾಗಿತ್ತು, ಆರತಿ ಆಗಿತ್ತು. ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಮಾಮಾ ಕುಣಿಯಬೇಕಾದ ಹಾಡಿನ ಶೂಟಿಂಗ್ ಇದ್ದದ್ದು ಇನ್ನೆರಡೇ ದಿನದಲ್ಲಿ.

"ಏನ್ರೀ, ಕೊನೆಗೂ ರಾಜನ್ನ ತಂದ್ರಲ್ಲ" ಎಂದಳು ಸರಸು. ಅವಳ ಮುಖದಲ್ಲಿ ಅಷ್ಟು ಬೆಳಕು ನೋಡಿ ಎಷ್ಟೋ ಕಾಲವಾಗಿತ್ತು. ನಮ್ಮ ಮಗಳು ಮಿನಿ ನನ್ನ ಅಂಗಿ ಜಗ್ಗಿ, "ಅಪ್ಪಾ, ಮಾಮಾ ಇಧರೀಚ್ ರಹೇಗಾ ನಾ?" ಎಂದು ಮುಂಬಯಿಯ ಹಿಂದಿಯಲ್ಲಿ ಕೇಳಿದಳು, ಮಾಮಾ ಇಲ್ಲೇ ಇರುತ್ತಾನಲ್ಲವೇ ಎಂದು. "ಹೂಂ" ಎಂದೆ. ಬೇರೆ ಯಾವ ಗಂಡಸಾದರೂ ಏನು ಹೇಳಿಯಾನು?

ಮಾರನೆಯ ದಿನ ಸೇಠರ ಮುಂದೆ ನಿಂತು ಕೈ ಹಿಸುಕಿಕೊಳ್ಳುತ್ತ ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ಭಾವಿಸಿದ್ದೆ. ಸೇಠರು ಕೇಳಿದ್ದು ಒಂದೇ ಮಾತು: "ಸ್ಥಾಪನಾ ಆಗೋಯ್ತಾ?" ಆಯಿತು ಎಂದೆ. ಅವರ ಮನೆಯಲ್ಲೂ ನವರಾತ್ರಿಗೆ ದೇವಿಯ ಘಟ ಇಟ್ಟಿದ್ದರು. ಕಣ್ಣು ಮುಚ್ಚಿ ಕೈಮುಗಿದು, "ಮಾತಾಜಿ ಮುಂದೆ ಕೂತವನನ್ನ ಎಬ್ಬಿಸೋಕೆ ನಾನ್ಯಾರು? ಮಾಮಾ ಬರಲ್ಲ ಅಂದ್ರೆ ಕ್ಯಾಮೆರಾ ಹೋಗುತ್ತೆ" ಎಂದುಬಿಟ್ಟರು. ಸರಸುವಿಗೆ ನಾನು ಹೇಳಿದ್ದು, ನಮ್ಮ ಗೊಂಬೆಗಳ ಕೀರ್ತಿ ಅಂಧೇರಿಯವರೆಗೂ ಹಬ್ಬಿದೆ ಎಂದು.

ಹೀಗೆ ಸೇಠರಿಂದ ಹಿಡಿದು ಇಡೀ ಯೂನಿಟ್ಟು ನಮ್ಮ ಎರಡನೇ ಮಹಡಿಯ ಫ್ಲ್ಯಾಟಿಗೆ ಬಂತು. ಲೈಟು ಹಾಕುತ್ತಲೇ ಬಿಲ್ಡಿಂಗಿನ ಫ್ಯೂಸು ಹೋಯಿತು. ಬಯ್ಯಲು ಬಂದ ಸೊಸೈಟಿಯ ಸೆಕ್ರೆಟರಿ ಮಾಮನನ್ನು ಕಂಡದ್ದೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಸೂತ್ರ ಆಡಿಸುವವರಲ್ಲಿ ಒಬ್ಬ ಊಟದ ಮೇಜು ಹತ್ತಿದ, ಇನ್ನೊಬ್ಬ ಹೊಲಿಗೆ ಮೆಷಿನ್ನು ಹತ್ತಿದ. ಮೋಘೆ ಎಂಬ ನಮ್ಮ ನಿರ್ದೇಶಕ ಮಾತ್ರ ತಲೆಯ ಮೇಲೆ ಕೈಹೊತ್ತು, "ಹೀರೋನೇ ಕುಣಿಯದಿದ್ರೆ ಹಾಡು ಹೇಗ್ರೀ ಆಗುತ್ತೆ?" ಎಂದ. ನಾನದನ್ನು ಕನ್ನಡಕ್ಕೆ ತಂದು ಸರಸುವಿಗೆ ಹೇಳಿದೆ. ಅವಳು ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತ, "ರಾಜ ಯಾಕೆ ಕುಣೀಬೇಕು? ಅವನು ಕೂತಿರ್ಲಿ, ಮಿಕ್ಕೋರು ಕುಣೀಲಿ" ಎಂದಳು.

ಅದನ್ನು ಮೋಘೆಗೆ ಹೇಳಿದ್ದೇ ಅವನು ಎದ್ದು ನಿಂತ. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ. ಗೊಂಬೆ ಕುದುರೆ, ಗೊಂಬೆ ಪೊಲೀಸು, ಬಿಲ್ಡಿಂಗಿನ ಮಕ್ಕಳು, ಕೊನೆಗೆ ಸೆಕ್ರೆಟರಿಯೂ ಸೇರಿ ಮೆಟ್ಟಿಲ ಮುಂದೆ ಕುಣಿದದ್ದೇ ಕುಣಿದದ್ದು. ಮಾಮಾ ಮಿಸುಕಲಿಲ್ಲ. ಬೀಗರ ಮನೆಗೆ ಬಂದವನ ಹಾಗೆ ಗತ್ತಿನಲ್ಲಿ ಕೂತಿದ್ದ. ಇಡೀ ಚಿತ್ರದಲ್ಲಿ ಜನ ಮೆಚ್ಚಿ ಸೀಟಿ ಹೊಡೆದದ್ದು ಆ ಹಾಡಿಗೇ.

ನನಗೆ ಮಾತ್ರ ನಿದ್ದೆಯಿಲ್ಲ. ವಿಜಯದಶಮಿ ಕಳೆದರೆ ಮಾಮನನ್ನು ಅಂಧೇರಿಗೆ ಒಯ್ಯಬೇಕು. ರಾಜ ನಿನ್ನವನಲ್ಲ ಎಂದು ಸರಸುವಿಗೆ ಯಾವ ಬಾಯಲ್ಲಿ ಹೇಳಲಿ? ದಶಮಿಯಂದು ಗೊಂಬೆಗಳನ್ನು ಮಲಗಿಸಿ ಪೂಜೆ ಮುಗಿಸಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ನಿಂತೆ. ಅಷ್ಟರಲ್ಲಿ ಅವಳೇ ಮಾಮನನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ನಾಳೆ ತಗೊಂಡು ಹೋಗಿ ಕೊಟ್ಬಿಡಿ. ಬೆನ್ನ ಮೇಲೆ ನಿಮ್ಮ ಕಂಪೆನಿ ಹೆಸರೇ ಬರೆದಿದೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಪೇಟ ಹೊಲಿಯೋವಾಗ್ಲೇ."

"ಮತ್ತೆ ಯಾಕೆ ಕೂರಿಸಿದೆ?"

"ಒಬ್ಬ ರಾಜನ್ನ ತನ್ನಿ ಅಂತ ಈ ಮನೆಗೆ ಬಂದಾಗಿನಿಂದ ಹೇಳ್ತಿದೀನಿ. ನೀವು ತರೋ ಹಾಗೆ ಕಾಣ್ಲಿಲ್ಲ. ಮನೆಗೆ ಬಂದೋನನ್ನ ಕೂರಿಸ್ಕೊಂಡೆ. ಬಾಯಿ ಬಿಟ್ಟು ಹೇಳ್ತೀರೇನೋ ಅಂತ ದಶಮಿವರೆಗೂ ಕಾದೆ, ಅದೂ ಇಲ್ಲ."

ನಾನು ಸೀರೆಯ ಗಂಟನ್ನು ಜೋಪಾನವಾಗಿ ಕುರ್ಚಿಯ ಮೇಲೆ ಕೂರಿಸಿದೆ.

"ಸೇಠ್‌ಜೀ ಹತ್ರ ಶೂಟಿಂಗ್ ದಿನವೇ ನನ್ನ ಹರಕುಮುರುಕು ಹಿಂದೀಲಿ ಮಾತಾಡಿದೀನಿ" ಎಂದಳು, ಉಳಿದ ಗೊಂಬೆಗಳನ್ನು ಪೆಟ್ಟಿಗೆಗೆ ಇಡುತ್ತ. "ಪ್ರತಿ ನವರಾತ್ರಿಗೂ ಮಾಮಾ ಇಲ್ಲೇ ಕೂರ್ತಾನೆ. ಶೂಟಿಂಗ್ ಇದ್ರೆ ಅವರೇ ಇಲ್ಲಿಗೆ ಬರ್ತಾರಂತೆ. ತಂದು ಬಿಡೋದು, ವಾಪಸ್ ತಲುಪಿಸೋದು ನಿಮ್ಮ ಕೆಲಸ."

ಅಂಧೇರಿಯಲ್ಲಿ ಎಲ್ಲರೂ ನನ್ನನ್ನು ಪ್ರೊಡಕ್ಷನ್ ಮ್ಯಾನೇಜರ್ ಎಂದೇ ಕರೆಯುತ್ತಾರೆ. ಅಲ್ಲ, ನಾನು ಮಾಮನ ಗಾರ್ಡು ಎಂದು ನಾನೂ ಅವರನ್ನು ತಿದ್ದಲು ಹೋಗಿಲ್ಲ.