ಮಾವನವರ ಬೆಂಕಿಯುಂಡೆ

ನಮ್ಮ ಮಾವನವರು ಸುಳ್ಳು ಹೇಳುವವರಲ್ಲ, ದೇವರಾಣೆ! ಇಡ್ಲಿ ಹಿಟ್ಟಿಗೆ ಸೋಡಾ ಹಾಕಿದ ಹಾಗೆ ಸತ್ಯವನ್ನು ಕೊಂಚ ಉಬ್ಬಿಸುತ್ತಾರೆ, ಅಷ್ಟೇ. ಹೆಬ್ಬಾಳದ ಕೆರೆಯಲ್ಲಿ ಅವರು ಕಂಡ ಮೀನು ಆಟೋದಷ್ಟು ಉದ್ದ. ಮತ್ತಿಕೆರೆಯಲ್ಲಿ ಅವರನ್ನು ಅಟ್ಟಿಸಿಕೊಂಡು ಬಂದ ನಾಯಿಗಳು ನಲವತ್ತು! ಹಾಗಾಗಿ ನಾನೂ ನನ್ನ ಯಜಮಾನರೂ ಗುಟ್ಟಾಗಿ ಒಂದು ಕಟ್ಟಳೆ ಮಾಡಿಕೊಂಡಿದ್ದೆವು: ಅವರು ಹೇಳಿದ್ದನ್ನು ನಾಲ್ಕರಿಂದ ಭಾಗಿಸಿ ನಂಬುವುದು.

ಮೊನ್ನೆ ಸಂಜೆ ದೇವರಿಗೆ ದೀಪ ಹಚ್ಚಿ, ಗ್ರೈಂಡರಿನಿಂದ ಹಿಟ್ಟು ಬಳಿಯುತ್ತಿದ್ದೆ. ನೀರಿನ ಟ್ಯಾಂಕು ತಟ್ಟಿ ನೋಡಲು ತಾರಸಿಗೆ ಹೋಗಿದ್ದ ಮಾವನವರು ಒಂದೇ ಚಪ್ಪಲಿಯಲ್ಲಿ ಇಳಿದು ಬಂದರು.

"ಅಮ್ಮಾ, ಆಕಾಶದಲ್ಲಿ ಬೆಂಕಿಯುಂಡೆ ಕಣಮ್ಮ! ತೆಂಗಿನಕಾಯಿ ಗಾತ್ರ! ಯಲಹಂಕದ ಕಡೆ ಹೋಯ್ತು!"

ಯಜಮಾನರು ಫೋನಿನಿಂದ ತಲೆಯೆತ್ತಲಿಲ್ಲ. "ಆ ಕಡೆ ಹೋಗೋದೆಲ್ಲ ವಿಮಾನ ಅಪ್ಪ."

"ವಿಮಾನ ಚೂರುಚೂರಾಗಿ ಉದುರುತ್ತೇನೋ?"

ಹಿಟ್ಟಿನ ಕೈಯಲ್ಲೇ ನಾನು ಭಾಗಿಸಿದೆ. ತೆಂಗಿನಕಾಯಿ ನಿಂಬೆಹಣ್ಣಾಯಿತು. "ಯಾರೋ ಪಟಾಕಿ ಹಾರಿಸಿರ್ಬೇಕು ಮಾವ," ಅಂದೆ. ಅವರು ಇನ್ನೊಂದು ಚಪ್ಪಲಿ ತರಲು ಮತ್ತೆ ತಾರಸಿ ಹತ್ತಿದರು. ರಾತ್ರಿ ಎರಡನೇ ಸಲ ಸಾರು ಕೇಳದೆ ಊಟ ಮುಗಿಸಿದರು. ಅವರು ಮಾತಿಲ್ಲದೆ ಉಂಡದ್ದನ್ನು ನಾನು ಕಂಡದ್ದು ಅದೇ ಮೊದಲು!

ಬೆಳಿಗ್ಗೆ ರಾಜಾನುಕುಂಟೆಯಿಂದ ಬರುವ ಹೂವಿನಮ್ಮ ಗೇಟಿನಲ್ಲೇ ಬುಟ್ಟಿ ಇಳಿಸಿದಳು. "ನಿನ್ನೆ ಸಂಜೆ ನೋಡುದ್ರಾ ಅಕ್ಕಾ? ಆಕಾಸ್ದಾಗೆ ಕುಂಬಳಕಾಯಂಗೆ ಉರ್ಕೊಂಡ್ ಓಯ್ತು! ಅಂಗಳದಾಗೆ ಸೂಜಿ ಬಿದ್ರೂ ಕಾಣೋದು!"

ಮೊಳ ಹಾಕುವಾಗ ಒಂದು ಬೆರಳೂ ಹೆಚ್ಚು ಕೊಡದ ಹೆಂಗಸು ಅವಳು. ಅವಳ ಮಾತನ್ನು ಭಾಗಿಸಲಾದೀತೇ?

ಮಾವನವರು ಪೇಪರ್ ಬಿಸಾಡಿ ಓಡಿ ಬಂದರು. "ಇನ್ನೊಂದ್ಸಲ ಜೋರಾಗಿ ಹೇಳಮ್ಮ, ಒಳಗೆ ನನ್ ಮಗ ಇದಾನೆ!" ಅವಳು ಮೂರು ಸಲ ಹೇಳಿದಳು. ಯಜಮಾನರು ಫೋನು ಕೆಳಗಿಟ್ಟರು! ಗಣಪನಿಗೆ ದಿನಾ ಒಂದು ಮೊಳ ಸೇವಂತಿಗೆ. ಅವತ್ತು ಮಾವನವರು ಕೊಂಡದ್ದು ಹತ್ತು ಮೊಳ, ಮೂರ್ತಿಯೇ ಕಾಣದಷ್ಟು!

"ಅಲ್ಲಾ ಮಾವ, ಕುಂಬಳಕಾಯಿ ಗಾತ್ರದ್ದನ್ನ ನೀವು ತೆಂಗಿನಕಾಯಿ ಅಂದ್ರಲ್ಲ?"

ಅವರು ಬುಟ್ಟಿಯ ಹೂವನ್ನೇ ನೋಡುತ್ತಾ ಹೇಳಿದರು: "ನೀವಿಬ್ರೂ ಭಾಗಿಸ್ತೀರ ಅಂತ ಗೊತ್ತಮ್ಮ. ಒಂದ್ಸಲನಾದ್ರೂ ಪೂರ್ತಿ ನಂಬ್ಲಿ ಅಂತ ನಾನೇ ಕಮ್ಮಿ ಮಾಡಿ ಹೇಳ್ದೆ."

ನಾನು ಅಡುಗೆಮನೆಯ ಕಡೆ ತಿರುಗಿದೆ. "ಇಡ್ಲಿ ಎಷ್ಟು ಹಾಕ್ಲಿ ಮಾವ?" ಅಂದೆ.

"ಎಂಟು!"

ದಿನವೂ ಎಂಟೇ ಅನ್ನುತ್ತಾರೆ, ನಾನು ಎರಡು ಹಾಕುತ್ತೇನೆ. ದೇವರ ದಯೆ, ಹಿಟ್ಟು ಸೋಡಾ ಇಲ್ಲದೆಯೇ ಉಬ್ಬಿತ್ತು. ತಟ್ಟೆಗೆ ಎಣ್ಣೆ ಸವರಿ ಎಂಟೂ ಹೊಯ್ದೆ.