ಸ್ಥಾಯೀ ವಿದ್ಯುತ್ತೂ ನನ್ನವಳ ವಿಗ್ಗೂ

ಪ್ಲಾಸ್ಟಿಕ್ ಸ್ಕೇಲನ್ನು ತಲೆಗೆ ಗಸಗಸ ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದೆ. ಒಂದು ಚೂರೂ ಮಿಸುಕಲಿಲ್ಲ. ಇನ್ನೊಮ್ಮೆ ಉಜ್ಜಿದೆ. ತಲೆ ಉರಿಯಿತೇ ಹೊರತು ವಿದ್ಯುತ್ತು ಹುಟ್ಟಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಕೂದಲಿಗೆ ಉಜ್ಜಬೇಕು ಅಂತಿದೆ ಪುಸ್ತಕದಲ್ಲಿ," ಎಂದಳು. ಇಪ್ಪತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಈ ನಡುವೆ ತಲೆ ಬಯಲಾದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

ನಾಳೆ ಈ ಚೂರುಗಳನ್ನು ಕುಣಿಸದಿದ್ದರೆ ನಾನು ಮೇಷ್ಟ್ರೇ ಅಲ್ಲ ಎಂದು ಘೋಷಿಸಿ ಮನೆಗೆ ಬಂದೆ!

ಮನೆಯಲ್ಲಿ ಕೂದಲಿತ್ತು. ಯಾರ ತಲೆಯ ಮೇಲೂ ಅಲ್ಲ, ಬೀರುವಿನಲ್ಲಿ. ಕ್ಯಾನ್ಸರಿನ ಔಷಧಿ ನನ್ನವಳ ಕೂದಲನ್ನೆಲ್ಲ ಕಿತ್ತುಕೊಂಡು ಏಳು ತಿಂಗಳಾಗಿತ್ತು. ಅಷ್ಟು ದಿನವೂ ಬಾಗಿಲ ಬೆಲ್ಲಾದರೆ ಒಳಕೋಣೆಗೆ ಓಡುತ್ತಿದ್ದವಳು, ಈ ನೈಲಾನ್ ವಿಗ್ ಬಂದ ಮೇಲೆ, ಸೋಮವಾರದಿಂದ ಪೋಸ್ಟಾಫೀಸಿನ ಕೌಂಟರಿಗೆ ಮರಳುತ್ತೇನೆ ಎಂದಿದ್ದಳು. ಅವತ್ತಿನ್ನೂ ಗುರುವಾರ. ಒಂದೇ ದಿನದ ಮಟ್ಟಿಗೆ ಒಯ್ದರೆ ಅವಳಿಗೆ ಗೊತ್ತೇ ಆಗುವುದಿಲ್ಲ ಎಂದುಕೊಂಡೆ. ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ. ಬರೆಯಲೂ ನಾಚಿಕೆ.

ಶುಕ್ರವಾರ ಬೆಳಗಿನಿಂದ ಜಡಿಮಳೆ. ಚೀಲದೊಳಗಿನ ವಿಗ್ಗೂ ತೇವ. ತೇವವಿದ್ದಲ್ಲಿ ಈ ವಿದ್ಯುತ್ತು ನಿಲ್ಲದೆ ಸೋರಿಹೋಗುತ್ತದೆ ಎಂದು ಮಕ್ಕಳಿಗೆ ಗಂಭೀರವಾಗಿ ವಿವರಿಸಿ, ಹೊಲಿಗೆ ಟೀಚರಿಂದ ಇಸ್ತ್ರಿಪೆಟ್ಟಿಗೆ ತರಿಸಿದೆ. ಕಾಯಿಸಿ ವಿಗ್ಗಿನ ಮೇಲಿಟ್ಟೆ. ಚುಂಯ್ ಎಂದಿತು. ನೈಲಾನು ಬಿಸಿಗೆ ಕರಗುತ್ತದೆ ಎಂಬುದು ಆರನೇ ಕ್ಲಾಸಿನ ಪಾಠ. ಅದನ್ನೂ ನಾನೇ ಮಾಡುವುದು! ಎತ್ತಿ ನೋಡಿದರೆ ಒಂದು ಪಕ್ಕ ಕೂದಲು, ಇನ್ನೊಂದು ಪಕ್ಕ ಕರಗಿದ ಪ್ಲಾಸ್ಟಿಕ್ ಬಕೆಟ್ಟು.

ಮಕ್ಕಳು ನಗಲಿಲ್ಲ. ಅದೇ ಹುಡುಗಿ ಎದ್ದು ಹೋಗಿ, ವಾಸನೆ ಹೊರಹೋಗಲೆಂದು ಕಿಟಕಿ ತೆರೆದಳು. ಗಾಳಿ ನುಗ್ಗಿ ಕಾಗದದ ಚೂರುಗಳೆಲ್ಲ ಕುಣಿದವು.

ಸಂಜೆ ವಿಗ್ಗನ್ನು ಊಟದ ಮೇಜಿನ ಮೇಲಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕರಗಿದ ಪಕ್ಕವನ್ನು ಉಗುರಿನಿಂದ ಕೆರೆದು ನೋಡಿ, "ಪ್ರಯೋಗ ಆಯ್ತಾ?" ಎಂದಳು.

"ಇಲ್ಲ."

ಹೊಸದು ಬರಲು ತಿಂಗಳಾಗುತ್ತದೆ, ಅಲ್ಲಿಯವರೆಗೆ ರಜೆ ಮುಂದುವರಿಸು ಎಂದು ಗೋಗರೆದೆ. ಅವಳು ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ನಾನು ನೆಲ ನೋಡುತ್ತಿದ್ದೆ.

"ಸೋಮವಾರ ಹೋಗೋದು ಹೋಗೋದೇ," ಎಂದಳು.

"ಹೀಗೇನಾ? ಕೂದಲಿಗೆ ಏನಾಯ್ತು ಅಂತ ಜನ ಕೇಳಿದ್ರೆ ಏನು ಹೇಳ್ತೀಯೆ?"

"ನಮ್ಮನೆಯವರು ವಿಜ್ಞಾನದ ಮೇಷ್ಟ್ರು ಅಂತೀನಿ."